ತವರಿಗೆ ಬಂದ ಗುಡ್ಡ

ಶಂಕರಮ್ಮ ಅಟ್ಟ ಹತ್ತಿದ್ದು ಸೀಗೆಕಾಯಿ ತರಲಿಕ್ಕೆ. ಏಣಿಯ ಕೊನೆಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಅನ್ನ ಬೇಯುವ ವಾಸನೆ ಬಂತು. ಬರೀ ಅನ್ನವಲ್ಲ, ಗಂಧಸಾಲೆ ಅಕ್ಕಿಯ ಅನ್ನ. ಹಬ್ಬಕ್ಕೋ ಬೀಗರು ಬಂದಾಗಲೋ ಒಲೆಗೇರುವ ಅಕ್ಕಿ ಅದು, ಒಂದು ಹಿಡಿ ಬೆಂದರೂ ಇಡೀ ಮನೆಗೆ ಗೊತ್ತಾಗುತ್ತಿತ್ತು. ಕೆಳಗೆ ಅಡಿಗೆಮನೆಯಲ್ಲಿ ಒಲೆ ಆರಿಹೋಗಿತ್ತು. ಬೆಳಗಿನ ರೊಟ್ಟಿ ಆದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಅವಳು ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ನಿಂತಳು. ಮೂಲೆಯಲ್ಲಿ ತೊಟ್ಟಿಲಿತ್ತು. ಹಲಸಿನ ಮರದ್ದು. ಅವಳ ಮದುವೆಯಾದ ವರ್ಷವೇ ಮಲ್ಲಂದೂರಿನ ತವರಿನಿಂದ ಬಂದದ್ದು. ಅವ್ವ ಸ್ವಲ್ಪ ಆತುರಗಾರ್ತಿ, ಬಸುರಿನ ಸುದ್ದಿ ಬರುವ ಮೊದಲೇ ಮಾಡಿಸಿ ಕಳಿಸಿದ್ದಳು. ಆ ಸುದ್ದಿ ಬರಲೇ ಇಲ್ಲ. ತೊಟ್ಟಿಲು ಒಂದಷ್ಟು ಕಾಲ ನಡುಮನೆಯಲ್ಲಿತ್ತು, ಆಮೇಲೆ ಪಡಸಾಲೆಯ ಮೂಲೆಗೆ ಹೋಯಿತು, ಕೊನೆಗೆ ಅಟ್ಟ ಸೇರಿತು. ಯಾರು ಯಾವಾಗ ಸಾಗಿಸಿದರೆಂದು ಅವಳು ಕೇಳಿರಲಿಲ್ಲ.

ಈಗ ತೊಟ್ಟಿಲು ಅಲುಗುತ್ತಿತ್ತು.

ಒಳಗೆ ಒಂದು ಕಬ್ಬೆಕ್ಕು ಮಗ್ಗುಲಾಗಿ ಮಲಗಿತ್ತು. ಹೊಟ್ಟೆಗೆ ಆತುಕೊಂಡು ಕಣ್ಣು ಬಿಡದ ಮರಿಗಳು ಹಾಲು ಕುಡಿಯುತ್ತಿದ್ದವು. ಕಾಡಿನ ಪ್ರಾಣಿ, ಮನುಷ್ಯರ ನೆರಳು ಬಿದ್ದರೆ ಹಲ್ಲು ತೋರಿಸಬೇಕಿತ್ತು. ಅದು ತೋರಿಸಲಿಲ್ಲ. ತಲೆ ಎತ್ತಿ, ಇಷ್ಟು ಹೊತ್ತಿಗೆ ಬಂದೆಯಾ ಎನ್ನುವ ಹಾಗೆ ಅವಳನ್ನು ನೋಡಿ, ಮತ್ತೆ ತಲೆ ಇಟ್ಟಿತು. ಅನ್ನದ ವಾಸನೆ ಬರುತ್ತಿದ್ದದ್ದು ಅದರ ಮೈಯಿಂದ.

ಶಂಕರಮ್ಮ ಸೀಗೆಕಾಯಿ ಇಲ್ಲದೆ ಕೆಳಗಿಳಿದಳು.

ಮಧ್ಯಾಹ್ನ ಊಟಕ್ಕೆ ಕುಳಿತ ಮಂಜಯ್ಯ ತಟ್ಟೆ ನೋಡಿ, ಮತ್ತೆ ಅವಳ ಮುಖ ನೋಡಿದ. "ಗಂಧಸಾಲೆ ಮಾಡಿಲ್ವಾ? ಘಮ ಬಂತಲ್ಲ."

"ಇಲ್ಲ."

"ಮತ್ತೆ ಎಲ್ಲಿಂದ ಬಂತು?"

"ಆಳುಗಳ ಲೈನಿನಲ್ಲಿ ಯಾರಾದ್ರೂ ಮಾಡಿರ್ಬೇಕು."

"ಲೈನಿನವ್ರು ಗಂಧಸಾಲೆ ಉಣ್ತಾರಾ ಮಾರಾಯ್ತಿ? ಹಾಗಿದ್ರೆ ನಾನೂ ಅಲ್ಲಿಗೇ ಊಟಕ್ಕೆ ಹೋಗ್ತೀನಿ." ಅವನು ನಕ್ಕ. ಅವಳು ಸಾರು ಬಡಿಸಿದಳು. ಜಗುಲಿಯಲ್ಲಿ ನಾಯಿಗಳು ಮೂತಿಯನ್ನು ನೆಲಕ್ಕೆ ಒತ್ತಿಕೊಂಡು ಮಲಗಿದ್ದವು. ಅಟ್ಟದಲ್ಲಿ ಇಲಿ ಓಡಿದರೂ ಮನೆ ಹಾರಿಸುವ ಹಾಗೆ ಬೊಗಳುತ್ತಿದ್ದ ನಾಯಿಗಳು.

ಅವಳಿಗೆ ಆಗ ಗುಡ್ಡದ ನೆನಪಾಯಿತು. ತಾನು ಆಡಿದ್ದ ಮಾತಿನ ನೆನಪೂ ಆಯಿತು.

ಮಂಜಯ್ಯನ ತೋಟವಿದ್ದದ್ದು ಮೂಡಿಗೆರೆಯಿಂದ ದೇವರಮನೆ ಬೆಟ್ಟದ ಕಡೆಗೆ ಹೋಗುವ ಗಾಡಿರಸ್ತೆಯ ಮೇಲುಗಡೆ. ಮನೆಯ ಹಿತ್ತಿಲಿನಿಂದಲೇ ಗುಡ್ಡ ಏರುತ್ತಿತ್ತು. ಅದು ದಟ್ಟ ಕಾಡಾಗಿದ್ದುದನ್ನು ಶಂಕರಮ್ಮ ಕಂಡವಳಲ್ಲ, ಕೇಳಿದ್ದಳು ಅಷ್ಟೆ. ಮಾವ ಬೆಳ್ಳಿಯಪ್ಪನವರ ಯೌವನದಲ್ಲಿ, ನೆರಳಿಲ್ಲದೆ ಬಿಸಿಲಿಗೇ ಕಾಫಿ ಹಾಕಿದರೆ ಫಸಲು ಹೆಚ್ಚು ಎಂಬ ಮಾತು ಈ ಕಡೆ ಹಬ್ಬಿತ್ತು. ಅವರು ಗುಡ್ಡವನ್ನು ಬುಡದಿಂದ ನೆತ್ತಿಯವರೆಗೆ ಕಡಿಸಿ ಸುಟ್ಟರು. ಕಾಡು ಕಡಿಯುವಾಗ ಕಾಡಿನ ದೇವತೆ ಚೌಡಿಗೆಂದು ಒಂದು ಮರ ಬಿಡುವುದು ಆ ಕಡೆಯ ಪದ್ಧತಿ. ಇಲ್ಲಿ ಚೌಡಿಯ ಕಲ್ಲು ಒಂದು ದೊಡ್ಡ ಧೂಪದ ಮರದ ಬುಡದಲ್ಲಿತ್ತು. ಒಳ್ಳೆಯ ಮಣ್ಣಿನ ಮೇಲೆ ನೆರಳು ಬೀಳುತ್ತದೆಂದು ಅದನ್ನೂ ಕಡಿಸಿದರಂತೆ. ಕಲ್ಲನ್ನು ಮಾತ್ರ ಹಾಗೇ ಬಿಟ್ಟರು.

ಬಿಸಿಲಿನ ಕಾಫಿ ಕೆಲವು ವರ್ಷ ಕೊಂಬೆ ಬಗ್ಗುವಷ್ಟು ಫಸಲು ಬಿಟ್ಟಿತು. ಆಮೇಲೆ ಕಾಂಡಕೊರಕದ ಹುಳು ಬಿದ್ದು ಗಿಡಗಳು ನಿಂತಲ್ಲೇ ಒಣಗಿದವು. ಮಳೆ ಮಣ್ಣನ್ನು ತೊಳೆದುಕೊಂಡು ಹೋಯಿತು, ಗುಡ್ಡದ ಮಡಿಲಿನಲ್ಲಿದ್ದ ಒರತೆ ಬತ್ತಿತು. ಶಂಕರಮ್ಮ ಮದುವೆಯಾಗಿ ಬಂದಾಗ ಹಿತ್ತಿಲಿನಲ್ಲಿ ಕಂಡದ್ದು ಲಂಟಾನದ ಪೊದೆ, ಸುಟ್ಟ ಬೊಡ್ಡೆಗಳು ಮತ್ತು ಬೋಳುಗುಡ್ಡ ಎನ್ನುವ ಹೆಸರು. ಹಕ್ಕಿಯೂ ಕೂರದ ಜಾಗ. ಅಲ್ಲಿ ಗಾಳಿ ಬೀಸಿದರೆ ಅಲುಗಲಿಕ್ಕೆ ಏನೂ ಇರಲಿಲ್ಲ, ಹಾಗಾಗಿ ಸದ್ದೂ ಇರಲಿಲ್ಲ. ಎಷ್ಟೋ ವರ್ಷ ಅವಳು ಬೆಳಿಗ್ಗೆ ಎದ್ದು ಹಿಂಬಾಗಿಲು ತೆರೆದಾಗಲೆಲ್ಲ ಆ ಗುಡ್ಡವೂ ತಾನೂ ಒಬ್ಬರನ್ನೊಬ್ಬರು ನೋಡಿಕೊಂಡಂತೆ ಅನ್ನಿಸುತ್ತಿತ್ತು.

ಮಂಜಯ್ಯ ಎರಡನೆಯ ಮದುವೆ ಮಾಡಿಕೊಳ್ಳಲಿಲ್ಲ. ಅದು ಕರುಣೆಯೋ ಸೋಮಾರಿತನವೋ ಅವಳಿಗೆ ತಿಳಿಯಲಿಲ್ಲ. ಅವನು ಆ ಮಾತನ್ನೇ ಎತ್ತುತ್ತಿರಲಿಲ್ಲ. ಬೈದಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಅವನ ಒಳ್ಳೆಯತನ ಅವಳ ಪಾಲಿಗೆ ಬಾಗಿಲಿಲ್ಲದ ಗೋಡೆಯಾಗಿತ್ತು.

ಕಾಫಿಯನ್ನು ಕೇಳುವವರೇ ಇಲ್ಲದ ಒಂದು ವರ್ಷ, ಬೀಜ ಕಣದಲ್ಲಿ ಹಾಗೇ ಬಿದ್ದಿದ್ದಾಗ, ಅವಳು ಅವನ ಮುಂದೆ ಹೋಗಿ ನಿಂತಳು. ಮೇಸ್ತ್ರಿ ಬೊಮ್ಮಯ್ಯನೂ ಅಲ್ಲಿದ್ದ.

"ಆ ಬೋಳುಗುಡ್ಡ ನಂಗೆ ಕೊಡಿ."

"ಏನ್ಮಾಡ್ತೀಯ?"

"ಕಾಡು ಹಾಕ್ತೀನಿ."

ಮಂಜಯ್ಯ ಬೊಮ್ಮಯ್ಯನ ಕಡೆ ತಿರುಗಿದ. "ಕೇಳಿದ್ಯಾ? ನಮ್ಮಪ್ಪ ಕಾಡು ಕಡಿಯೋಕೆ ಇಡೀ ಊರು ಕರ್ಕೊಂಡ್ಬಂದ. ಇವಳು ಒಬ್ಳೇ ಹಾಕ್ತಾಳಂತೆ."

"ಹಾಕ್ಲಿ ಬಿಡಿ ಗೌಡ್ರೆ. ಕಾಫಿಗೇ ಬೆಲೆ ಇಲ್ಲ, ಕಾಡಿಗಾದ್ರೂ ಬರ್ಬಹುದು," ಎಂದ ಬೊಮ್ಮಯ್ಯ.

"ತಗೋ ಮಾರಾಯ್ತಿ. ಅರಿಶಿನ ಕುಂಕುಮಕ್ಕೆ ಅಂತ ಇಟ್ಕೋ." ಇಬ್ಬರೂ ನಕ್ಕರು. ಹೆಣ್ಣುಮಕ್ಕಳಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ತುಂಡು ಗದ್ದೆ ಬಿಡುವುದುಂಟು. ಕಾಗದ ಪತ್ರ ಬೇಡ, ಬಾಯಿಮಾತು ಸಾಕು. ಹಾಗೆ ಬಿಟ್ಟ ನೆಲವನ್ನು ಮಾನವಂತರ ಮನೆಯಲ್ಲಿ ಯಾರೂ ಹಿಂದಕ್ಕೆ ಕೇಳುವುದಿಲ್ಲ. ಹೆಂಡತಿಗೆ ಹಾಗೆ ಬಿಡುವುದು ತಮಾಷೆಯ ಮಾತು ಅಷ್ಟೆ.

ಕೆಲಸ ಶುರುಮಾಡುವ ಮುಂಚೆ ಚೌಡಿಗೆ ಮಡಿಲು ತುಂಬಬೇಕೆಂದು ಅವಳಿಗೆ ಅನ್ನಿಸಿತು. ಜೊತೆಗೆ ಹುಚ್ಚಮ್ಮನನ್ನು ಕರೆದಳು. ಹುಚ್ಚಮ್ಮ ಲೈನಿನ ಸೂಲಗಿತ್ತಿ, ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದವಳು. ನಾಲಿಗೆ ಮಾತ್ರ ಚೂರಿಯಂತೆ. ಇಬ್ಬರೂ ಧೂಪದ ಬೊಡ್ಡೆಯ ಮೇಲೆ ಹೊಸ ಕುಪ್ಪಸದ ಕಣ ಹಾಸಿದರು. ಗಂಧಸಾಲೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅರಿಶಿನದ ಕೊಂಬು ಇಟ್ಟರು. ಅಕ್ಕಿಯ ಜೊತೆ ಶಂಕರಮ್ಮ ತಾನು ಆರಿಸಿ ತಂದ ನೇರಳೆ, ಧೂಪ, ಹೆಬ್ಬಲಸಿನ ಬೀಜಗಳನ್ನೂ ಬೆರೆಸಿದಳು.

ಮಡಿಲು ತುಂಬಿದ ಮೇಲೆ ಬೇಡಿಕೊಳ್ಳಬೇಕು. ಅದು ಕ್ರಮ. ಶಂಕರಮ್ಮ ಕೈ ಮುಗಿದಳು. ಆದರೆ ಬೇಡಲಿಕ್ಕೆ ಬಾಯಿ ಬರಲಿಲ್ಲ. ಮದುವೆಯಾದಾಗಿನಿಂದ ಯಾರ್ಯಾರ ಮನೆಯ ಹಸೆಯ ಮೇಲೆ ಕೂತು ಸೆರಗೊಡ್ಡಿದ್ದಳು, ಯಾವ್ಯಾವ ಗುಡಿಯಲ್ಲಿ ಕೊಡು ಕೊಡು ಎಂದು ಹಣೆ ಹಚ್ಚಿದ್ದಳು. ಆ ದಿನ ಅವಳಿಗೆ ಬೇಡಿ ಬೇಡಿ ದಣಿವಾಗಿತ್ತು. ಎದುರಿಗೆ ಕಡಿದ ಬೊಡ್ಡೆ, ಅದರ ಸುತ್ತ ಬೋಳು ನೆಲ. ಬೇಡುವುದಾದರೂ ಯಾರನ್ನು? ತನಗಿಂತ ಬಡವಿ ಈ ಚೌಡಿ ಅನ್ನಿಸಿತು. ಮಲ್ಲಂದೂರಿನಿಂದ ಗಂಡನ ಮನೆಗೆ ಹೊರಡುವಾಗ ಅವ್ವ ಗಾಡಿಯ ಪಕ್ಕದಲ್ಲಿ ನಿಂತು ಪ್ರತಿಸಲ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಹೋಗಿ ಬಾ ಮಗಳೇ. ಹೊಟ್ಟೆ ತುಂಬಿದಾಗ ತವರಿಗೆ ಬಾ. ಬಾಣಂತನ ನಾನು ಮಾಡ್ತೀನಿ."

ಹುಚ್ಚಮ್ಮ ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಕೆಳಗಿಟ್ಟಳು. "ಇದೇನಂದ್ರಿ ಅಮ್ಮಾವ್ರೆ? ಕೇಳ್ಕೊಳಿ ಅಂದ್ರೆ ಕರೆದುಬಿಟ್ರಲ್ಲ."

"ಬಾಯಿಗೆ ಬಂತು, ಅಂದೆ."

"ಕಲ್ಲಿಗೆ ಕಿವಿ ಇಲ್ಲ ಅಂತ ತಿಳ್ಕೊಂಡಿದೀರೋ ಏನೋ." ಅವಳು ನಗಲಿಲ್ಲ. ಸುಟ್ಟ ಗುಡ್ಡದ ಮೇಲೆ ಆಗ ಒಂದು ಸಣ್ಣ ಗಾಳಿ ಬಂದು ಕಣದ ಅಂಚನ್ನು ಮಡಚಿತು, ಹೆಂಗಸೊಬ್ಬಳು ಸೆರಗನ್ನು ಒಳಕ್ಕೆಳೆದುಕೊಂಡ ಹಾಗೆ.

ಮೊದಲ ವರ್ಷ ನೆಟ್ಟದ್ದೆಲ್ಲ ಬಿಸಿಲಿಗೆ ಸತ್ತಿತು. ಲಂಟಾನವನ್ನು ಸವರಿ ನೆಟ್ಟದ್ದೇ ತಪ್ಪಾಗಿತ್ತು. ಎರಡನೆಯ ವರ್ಷ ಅವಳು ಪೊದೆಯನ್ನು ಹಾಗೇ ಬಿಟ್ಟು, ಅದರ ನೆರಳಿನಲ್ಲೇ ಗುಂಡಿ ತೋಡಿಸಿದಳು. ಕಾಫಿ ಸಸಿಗೆ ಮಾಡುವಂತೆಯೇ ಕಾಡಿನ ಬೀಜಕ್ಕೂ ಪಾತಿ ಮಾಡಿ, ಮೇಲೆ ಸೊಪ್ಪಿನ ಚಪ್ಪರ ಹಾಕಿ, ಬಿದಿರು ಬುಟ್ಟಿಗಳಲ್ಲಿ ಸಸಿ ಎಬ್ಬಿಸಿದಳು. ಗುಡ್ಡದಾಚೆಯ ಹಳೆಯ ಕಾಡಿನ ಬಂಡೆಗಳ ಮೇಲೆ ಕಬ್ಬೆಕ್ಕುಗಳು ಹಾಕಿದ ಹಿಕ್ಕೆಯಲ್ಲಿ ಬೈನೆ ಮರದ ಬೀಜಗಳು ತೊಳೆದಿಟ್ಟ ಹಾಗೆ ಸಿಗುತ್ತಿದ್ದವು. ಅವನ್ನು ಸೆರಗಿನಲ್ಲಿ ಕಟ್ಟಿ ತಂದಾಗ ಹುಚ್ಚಮ್ಮ ಮೂಗು ಮುಚ್ಚಿಕೊಂಡಳು. "ಗೌಡ್ರ ಹೆಂಡ್ತಿ ಬೆಕ್ಕಿನ ಹೇಲು ಆಯ್ತಾಳೆ ಅಂತ ಮೂಡಿಗೆರೆ ಸಂತೇಲಿ ಆಡ್ಕೊಳ್ತಿದಾರೆ."

"ಆಡ್ಕೊಳ್ಲಿ. ಬಂಜೆ ಅಂತ ಆಡ್ಕೊಳ್ಳೋದಕ್ಕಿಂತ ಇದು ವಾಸಿ."

ಹುಚ್ಚಮ್ಮ ಮೂಗಿನಿಂದ ಕೈ ತೆಗೆದು ಬುಟ್ಟಿ ಹಿಡಿದಳು.

ಬೇಸಿಗೆಗೆ ಮುಂಚೆ ಗುಡ್ಡದ ಸುತ್ತ ಬೆಂಕಿ ದಾಟದ ಹಾಗೆ ತರಗು ಗುಡಿಸಿ ದಾರಿ ಬಿಡಿಸುತ್ತಿದ್ದಳು. ದನ ಬಂದರೆ ತಾನೇ ಹೋಗಿ ಅಟ್ಟುತ್ತಿದ್ದಳು. ಮರಗಳು ಅವಳ ಸೊಂಟ ದಾಟಿದವು, ತಲೆ ದಾಟಿದವು. ಮೊದಲು ಪಿಕಳಾರ ಹಕ್ಕಿ ಬಂತು. ಆಮೇಲೆ ಒಂದು ಮುಂಜಾನೆ, ಮನುಷ್ಯರು ಹಾದಿಯಲ್ಲಿ ಮೈಮರೆತು ಸಿಳ್ಳು ಹಾಕುವ ಹಾಗೆ ಸಿಳ್ಳು ಹಾಕುವ ಆ ಕರಿನೀಲಿ ಹಕ್ಕಿ. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಮೊದಲ ಸಲ ಮನೆಯ ಮೇಲೆ ಹಾದುಹೋದಾಗ ಶಂಕರಮ್ಮ ಹಿತ್ತಿಲಿನಲ್ಲಿ ನಿಂತು ಅತ್ತಳು. ಒರತೆಯ ಜಾಗದಲ್ಲಿ ಮಣ್ಣು ಒದ್ದೆಯಾಯಿತು, ಮುಂದಿನ ವರ್ಷ ನೀರು ಕಂಡಿತು.

ಅವಳು ನೆಟ್ಟದ್ದು ಸಾಲಾಗಿ, ಕಾಫಿ ನೆಟ್ಟ ಅಭ್ಯಾಸದಿಂದ. ಆದರೆ ವರ್ಷಗಳು ಕಳೆದಂತೆ ಸಾಲುಗಳ ನಡುವೆ ಅವಳು ನೆಡದ ಗಿಡಗಳು ಎದ್ದವು. ಸಾಲು ಕಾಣದಾಯಿತು. ಅವಳಿಗೆ ಗೊತ್ತಿದ್ದ ಹಾದಿಗಳು ಬೇರೆ ಕಡೆ ತೆರೆದುಕೊಂಡವು. ಒಬ್ಬಳೇ ಹೋದಾಗ ಮುಂದೆ ಯಾರೋ ನಡೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಭಾರದ ಹೆಜ್ಜೆ, ಅವಸರವಿಲ್ಲದ್ದು, ತುಂಬಿದ ಬಸುರಿಯದು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ಅವಳಿಗೆ ಹೆದರಿಕೆಯಾಗುತ್ತಿತ್ತು, ಆದರೆ ಮರುದಿನವೂ ಹೋಗುತ್ತಿದ್ದಳು. ಮನೆಗೆ ಮರಳಿದಾಗ ಗೇಟಿನ ಬಳಿಯಿಂದಲೇ ನಾಯಿಗಳು ಬೊಗಳುತ್ತ ಬಂದು ಮೈಮೇಲೆ ಹಾರುತ್ತಿದ್ದವು. ಆ ಗದ್ದಲದಲ್ಲಿ ಅವಳು ಮತ್ತೆ ಮನೆಯ ಹೆಂಗಸಾಗುತ್ತಿದ್ದಳು.

ಹೀಗಿರುವಾಗ ಈ ಕಬ್ಬೆಕ್ಕು.

ಅದನ್ನು ಕೇಳಿ ಹುಚ್ಚಮ್ಮ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ತೊಟ್ಟಿಲಲ್ಲೇ?"

"ತೊಟ್ಟಿಲಲ್ಲೇ."

"ಸುಮ್ಮನೆ ಬಂದಿದ್ರೆ ಬೆಕ್ಕು ಅನ್ಬಹುದಿತ್ತು," ಎಂದು ಹುಚ್ಚಮ್ಮ ಗುಡ್ಡದ ಕಡೆ ನೋಡದೆ ಹೇಳಿದಳು.

ವಾರ ಕಳೆಯುವಷ್ಟರಲ್ಲಿ ಕೊಟ್ಟಿಗೆಯ ಕರುವಿನ ಗೂಡಿನಲ್ಲಿ ಒಂದು ಕಾಡುಕುರಿ ಮಲಗಿತ್ತು. ಮೈ ನಡುಗುತ್ತಿರಲಿಲ್ಲ. ಪಕ್ಕದಲ್ಲಿ ಒದ್ದೆಯಾದ ಮರಿ ಕಾಲು ಹುಡುಕಿಕೊಳ್ಳುತ್ತಿತ್ತು. ಹಸುಗಳು ತಲೆ ತಗ್ಗಿಸಿಕೊಂಡು ಮೆಲುಕು ಹಾಕುತ್ತಿದ್ದವು. ನಾಯಿಗಳು ಬೊಗಳಲಿಲ್ಲ. ಕೊಟ್ಟಿಗೆಯ ಸಗಣಿಯ ವಾಸನೆಯ ನಡುವೆ ಎಳೆಯಾಗಿ ಗಂಧಸಾಲೆಯ ಘಮ ಇತ್ತು. ಹಿತ್ತಿಲಿನ ಸೌದೆಮನೆಯಲ್ಲಿ ಒಂದು ಮುಂಗುಸಿ ಮರಿ ಹಾಕಿತು. ಬಂದವುಗಳೆಲ್ಲ ಹೆಣ್ಣು, ಎಲ್ಲ ದಿನ ತುಂಬಿದವು. ಹೆತ್ತು, ಮರಿ ಕಣ್ಣು ಬಿಟ್ಟು ಕಾಲು ಬಲಿತ ಮೇಲೆ, ಒಂದು ಸಂಜೆ ತಾವಾಗಿ ಗುಡ್ಡ ಹತ್ತಿ ಹೋಗುತ್ತಿದ್ದವು.

ಶಂಕರಮ್ಮ ಅವಕ್ಕೆ ಬೆಚ್ಚಗಿನ ನೀರು ಇಟ್ಟಳು. ಬೆಲ್ಲ ಇಟ್ಟಳು. ಮಾಡುವುದು ತಪ್ಪೋ ಸರಿಯೋ ತಿಳಿಯದೆ, ಆದರೆ ಕೈಗೆ ಕೆಲಸ ಸಿಕ್ಕಿದ ಹೆಂಗಸಿನ ಹಾಗೆ ಬಿಡದೆ ಮಾಡಿದಳು. ಎಂದೂ ಹಿಡಿಯದಿದ್ದ ಬಾಣಂತನದ ಕೆಲಸಗಳು ಅವಳ ಕೈಗೆ ಮೊದಲಿನಿಂದ ಬರುತ್ತಿದ್ದಂತಿತ್ತು.

"ಕಾಳುಮೆಣಸು ಕಷಾಯನೂ ಕುಡಿಸ್ತೀರಾ ಹೇಗೆ?" ಎಂದಳು ಹುಚ್ಚಮ್ಮ. "ನನ್ನ ಕೈ ಬಿಡಿ ಅಮ್ಮಾವ್ರೆ. ನಾನು ಕಾಡುಕುರಿಗೆ ಸೂಲಗಿತ್ತಿ ಆಗಲ್ಲ."

"ನೀನು ಮಾಡೋದು ಬೇಡ. ಕರೆದವಳು ನಾನು."

"ಅದೇ ನಂಗೆ ಹೆದರಿಕೆ. ಚೊಚ್ಚಲು ಬಾಣಂತನಕ್ಕೆ ಬರೋರು ಸಣ್ಣವರನ್ನ ಮುಂದೆ ಕಳಿಸಿ, ಹಿಂದಿನಿಂದ ತಾವು ಬರ್ತಾರೆ."

ಶಂಕರಮ್ಮ ಗುಡ್ಡದ ಕಡೆ ತಿರುಗಿ ನೋಡಿದಳು.

ಅದೇ ದಿನಗಳಲ್ಲಿ ಮಂಜಯ್ಯ ಊಟದ ನಡುವೆ ಹೇಳಿದ. "ಯುದ್ಧ ಬಂದ ಮೇಲೆ ಕಾಫಿಗೆ ಬೋರ್ಡು ಬಂದಿದೆ. ಬೆಳೆದದ್ದನ್ನೆಲ್ಲ ತಗೋತಾರೆ. ಬೋಳುಗುಡ್ಡದಲ್ಲಿ ಈಗ ಒಳ್ಳೆ ಮಣ್ಣಾಗಿದೆ, ನೀರೂ ಇದೆ. ಬರೋ ವಾರ ಕಡಿಸೋಕೆ ಬೊಮ್ಮಯ್ಯನಿಗೆ ಹೇಳಿದೀನಿ. ಹೂಮಳೆಗೆ ಮುಂಚೆ ಸುಟ್ಟುಬಿಡಬೇಕು."

ಶಂಕರಮ್ಮ ಸೌಟನ್ನು ಕೆಳಗಿಟ್ಟಳು. "ಮಣ್ಣಾಗಿದ್ದು ಕಾಡಿಂದ. ಅದನ್ನ ಕಡಿದ್ರೆ ಮಾವ ಮಾಡಿದ್ದೇ ಆಗುತ್ತೆ."

"ನೆರಳಿಗೆ ಮರ ಬಿಡ್ತೀನಿ. ನಾನೇನು ಅಪ್ಪನಷ್ಟು ದಡ್ಡನಲ್ಲ."

"ನಂಗೆ ಕೊಟ್ಟಿದ್ರಿ."

ಅವನು ತಟ್ಟೆಯಿಂದ ಮುಖ ಎತ್ತಿದ. ಸಿಟ್ಟಿರಲಿಲ್ಲ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಹೊತ್ತು ಹೋಗ್ಲಿ ಅಂತ ಕೊಟ್ಟಿದ್ದೆ. ಹೋಯ್ತಲ್ಲ."

ಹೊತ್ತು. ಅವಳ ಜೀವನವನ್ನು ಅವನು ಅಷ್ಟು ದಿನ ಏನೆಂದು ತಿಳಿದಿದ್ದನೆಂದು ಅವಳಿಗೆ ಆಗ ಗೊತ್ತಾಯಿತು. ಗುಡ್ಡ ಹೋದರೆ ತನಗೆ ಉಳಿಯುವುದು ಅಟ್ಟದ ಮೇಲಿನ ಆ ತೊಟ್ಟಿಲೊಂದೇ.

ಕಡಿಯುವವರು ಬಂದ ದಿನ ಬೆಳಿಗ್ಗೆ ಕೆಲಸ ಶುರುವಾಗಲೇ ಇಲ್ಲ. ಹತ್ಯಾರಗಳನ್ನು ತರಲು ಪಲ್ಪರ್ ಮನೆಗೆ ಹೋದ ಆಳು ಬರಿಗೈಯಲ್ಲಿ ಓಡಿಬಂದ. ಕುಯ್ಲು ಮುಗಿದ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ನೆನೆಹಾಕುವ ತೊಟ್ಟಿಗಳು ಒಣಗಿ ಬಿದ್ದಿದ್ದವು. ಅವುಗಳಲ್ಲೊಂದರಲ್ಲಿ ಚಿರತೆ ಮರಿ ಹಾಕಿದೆ ಎಂದ.

"ಒಳ್ಳೇದಾಯ್ತು," ಎಂದು ಮಂಜಯ್ಯ ಕೋವಿ ತೆಗೆಯಲು ಕೋಣೆಗೆ ಹೋದ. "ಮೊದಲು ಅದು, ಆಮೇಲೆ ಗುಡ್ಡ. ಕಾಡು ಬೆಳೆಸಿದ್ರೆ ಇದೇ ಬರೋದು."

ಅವನು ತೋಟಾ ಹುಡುಕುವಷ್ಟರಲ್ಲಿ ಶಂಕರಮ್ಮ ಹಿಂಬಾಗಿಲಿನಿಂದ ಇಳಿದಿದ್ದಳು. ಹಾದಿಯಲ್ಲಿ ಲಕ್ಕಿಸೊಪ್ಪಿನ ಟೊಂಗೆ ಮುರಿದುಕೊಂಡಳು, ಬೇಲಿಗೆ ಸಿಕ್ಕಿಸಿದ್ದ ಕತ್ತಿ ತೆಗೆದುಕೊಂಡಳು. ನಾಯಿಗಳು ಜಗುಲಿ ಬಿಟ್ಟು ಕದಲಲಿಲ್ಲ.

ಪಲ್ಪರ್ ಮನೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಒಳಗೆ ಇಣುಕಿದಳು. ತೊಟ್ಟಿಯ ನೆರಳಿನಲ್ಲಿ ಮೊದಲು ಕಂಡದ್ದು ಕಣ್ಣುಗಳು. ಆಮೇಲೆ ಉಸಿರಿಗೆ ಏರಿ ಇಳಿಯುವ ಮೈಯ ಮಚ್ಚೆಗಳು. ಮರಿಗಳು ಸಣ್ಣಗೆ ಕುಂಯ್‌ಗುಡುತ್ತಿದ್ದವು. ಆ ಕಣ್ಣುಗಳಲ್ಲಿ ಕ್ರೌರ್ಯ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇತ್ತು. ಆದರೆ ಅದರ ಮುಂದೆ ದಣಿವಿತ್ತು. ಹೆರಿಗೆಗೆ ತವರಿಗೆ ಬಂದು ಬೆನ್ನು ಚಾಚಿದ ಹೆಂಗಸಿನ ದಣಿವು. ಇಷ್ಟು ವರ್ಷ ಕಾಡಿನಲ್ಲಿ ತನ್ನ ಮುಂದೆ ನಡೆದವರು ಯಾರೆಂದು ಶಂಕರಮ್ಮನಿಗೆ ಸಂಶಯ ಉಳಿಯಲಿಲ್ಲ.

"ಬಂದ್ಯಾ," ಎಂದಳು, ಉಸಿರಿನಲ್ಲಿ.

ಬಾಣಂತಿ ಕೋಣೆಗೆ ಮಾಡುವಂತೆ ಬಾಗಿಲಿನ ಚೌಕಟ್ಟಿಗೆ ಲಕ್ಕಿಸೊಪ್ಪು ಸಿಕ್ಕಿಸಿದಳು. ಹೊಸ್ತಿಲ ಮೇಲೆ ಕತ್ತಿ ಅಡ್ಡ ಇಟ್ಟಳು. ಅದರ ಹಿಂದೆ ತಾನು ಕುಳಿತಳು, ಬೆನ್ನನ್ನು ಕತ್ತಲೆಗೆ ಕೊಟ್ಟು.

ಮಂಜಯ್ಯ ಬೊಮ್ಮಯ್ಯನ ಜೊತೆ ಬಂದ. ಹುಚ್ಚಮ್ಮ ಏದುಸಿರು ಬಿಡುತ್ತ ಅವರ ಹಿಂದಿದ್ದಳು. ಹೆಂಡತಿ ಕುಳಿತ ಜಾಗ ಕಂಡು ಅವನ ಮುಖ ಬಿಳುಚಿತು.

"ಏಳು. ಮೆತ್ತಗೆ ಎದ್ದು ಈ ಕಡೆ ಬಾ."

"ಪುರುಡು ಕಳೆಯೋವರೆಗೆ ಗಂಡಸರು ಈ ಬಾಗಿಲು ದಾಟೋ ಹಾಗಿಲ್ಲ."

"ಯಾರ ಪುರುಡು? ತಲೆ ಕೆಟ್ಟಿದ್ಯಾ?"

"ಒಳಗೆ ಬಾಣಂತಿ ಇದಾಳೆ."

"ಯಾರು?"

"ನಮ್ಮ ಮಗಳು."

ಆ ಎರಡು ಪದಗಳನ್ನು ಅವಳು ಅವನ ಮುಂದೆ ಹಿಂದೆಂದೂ ಒಟ್ಟಿಗೆ ಹೇಳಿರಲಿಲ್ಲ. ಅವನು ಕೋವಿ ಎತ್ತಿದವನು ಅರ್ಧಕ್ಕೆ ನಿಂತ. ನಿಂತವನ ಮೂಗಿನ ಹೊಳ್ಳೆ ಅರಳಿತು. ಪಲ್ಪರ್ ಮನೆಯ ಕತ್ತಲೆಯಿಂದ, ಒಲೆಯಿಲ್ಲದ, ಬೂದಿಯಿಲ್ಲದ ಜಾಗದಿಂದ, ಗಂಧಸಾಲೆ ಅನ್ನದ ಘಮ ಬಿಸಿಬಿಸಿಯಾಗಿ ಹೊರಗೆ ಬರುತ್ತಿತ್ತು.

"ಒಳಗೆ ಯಾರು ಅನ್ನ ಮಾಡ್ತಿದಾರೆ?" ಎಂದ. ಧ್ವನಿ ಅವನದಲ್ಲದ ಹಾಗಿತ್ತು.

ಬೊಮ್ಮಯ್ಯ ಲಕ್ಕಿಸೊಪ್ಪನ್ನು ನೋಡಿದ, ಹೊಸ್ತಿಲ ಕತ್ತಿಯನ್ನು ನೋಡಿದ, ಮೆಟ್ಟು ಬಿಟ್ಟು ಹಿಂದೆ ಸರಿದ. "ಬೇಡಿ ಗೌಡ್ರೆ. ಹೆಣ್ಮಕ್ಕಳ ಕೋಣೆ."

"ಅದು ಚಿರ್ತೆ ಕಣೋ!"

"ಇರಬಹುದು. ಕೋಣೆ ಮಾತ್ರ ಹೆಣ್ಮಕ್ಕಳದು."

ಮಂಜಯ್ಯ ಒಂದು ಹೆಜ್ಜೆ ಮುಂದಿಟ್ಟ. ಶಂಕರಮ್ಮನ ಬೆನ್ನ ಹಿಂದೆ ಕತ್ತಲೆ ಮೆಲ್ಲಗೆ ಗುರುಗುಟ್ಟಿತು. ಅವಳು ತಿರುಗಿ ನೋಡಲಿಲ್ಲ. ಆ ಗುರುಗು ಅವಳ ಪಕ್ಕೆಲುಬಿನಲ್ಲಿ ಹಾದು ಎದೆಯಿಂದ ಹೊರಬಂದಂತಿತ್ತು. ಮಂಜಯ್ಯನಿಗೂ ಅದು ಅವಳ ಬಾಯಿಂದಲೇ ಬಂದಂತೆ ಕಂಡಿರಬೇಕು, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ.

"ನೀವು ಗುಡ್ಡಾನ ಅರಿಶಿನ ಕುಂಕುಮಕ್ಕೆ ಅಂತ ನಂಗೆ ಬಿಟ್ರಿ," ಎಂದಳು ಶಂಕರಮ್ಮ. "ಬೊಮ್ಮಯ್ಯ ಇದ್ದ. ನಾನು ಅದನ್ನ ಮಡಿಲಿಗೆ ಹಾಕಿ ಇವಳಿಗೆ ಕೊಟ್ಟೆ. ಹುಚ್ಚಮ್ಮ ಇದ್ದಳು. ಮಗಳಿಗೆ ಬಿಟ್ಟ ನೆಲಾನ ಬಾಣಂತಿ ಮನೇಲಿರುವಾಗ ವಾಪಸ್ ಕಿತ್ಕೊಂಡೋರು ನಿಮ್ಮ ವಂಶದಲ್ಲಿ ಯಾರಾದ್ರೂ ಇದ್ರೆ ಹೇಳಿ. ನಾನು ಏಳ್ತೀನಿ."

ಮಂಜಯ್ಯ ಬೊಮ್ಮಯ್ಯನ ಮುಖ ನೋಡಿದ. ಬೊಮ್ಮಯ್ಯ ನೆಲ ನೋಡುತ್ತಿದ್ದ. ಹುಚ್ಚಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು, ಸೂಲಗಿತ್ತಿ ಕೋಣೆಯ ಹೊರಗೆ ಕುಳಿತುಕೊಳ್ಳುವ ಹಾಗೆ ಗೋಡೆಗೊರಗಿ ಕುಳಿತೇಬಿಟ್ಟಳು. ತಮಾಷೆಗೆ ಆಡಿದ ಮಾತು ಈಗ ಸಾಕ್ಷಿಗಳ ಸಮೇತ ಎದುರಿಗೆ ನಿಂತಿತ್ತು. ಅವನು ಕೋವಿಯನ್ನು ಇಳಿಸಿದ.

"ಗುಡ್ಡ ಹಾಗೇ ಇರ್ಲಿ," ಎಂದ. ಬೊಮ್ಮಯ್ಯನಿಗೋ, ಹೆಂಡತಿಗೋ, ಒಳಗಿನ ಕತ್ತಲೆಗೋ.

ಚಿರತೆ ಪಲ್ಪರ್ ಮನೆಯಲ್ಲಿ ಹೂಮಳೆ ಬೀಳುವವರೆಗೆ ಇತ್ತು. ಆ ದಿನಗಳಲ್ಲಿ ತೋಟದ ಒಂದು ಕೋಳಿಯೂ ಕಾಣೆಯಾಗಲಿಲ್ಲ. ಶಂಕರಮ್ಮ ಪ್ರತಿದಿನ ಹೊಸ್ತಿಲಿನವರೆಗೆ ಹೋಗಿ ನೀರಿಟ್ಟು ಬರುತ್ತಿದ್ದಳು. ಮಂಜಯ್ಯ ಅವಳನ್ನು ಏನೂ ಕೇಳಲಿಲ್ಲ. ಆದರೆ ಊಟಕ್ಕೆ ಕುಳಿತಾಗ ಅವಳು ಬಡಿಸುವ ಕೈಯನ್ನೇ ನೋಡುತ್ತಿದ್ದ, ಯಾರದೋ ಮನೆಗೆ ಬಂದು ಕುಳಿತ ನೆಂಟನ ಹಾಗೆ.

ಹೂಮಳೆ ಬಿದ್ದು, ಕಾಫಿ ಗಿಡಗಳು ಬೆಳ್ಳಗೆ ಅರಳಿದ ಸಂಜೆ, ಚಿರತೆ ಹೊರಬಂತು. ಮರಿಗಳು ಹಿಂದೆ ಬಂದವು. ಅಂಗಳದ ತುದಿಯಲ್ಲಿ ನಿಂತು ಅದು ಒಮ್ಮೆ ಹಿಂತಿರುಗಿ ನೋಡಿತು.

"ಹೋಗ್ತಿದಾಳೆ," ಎಂದಳು ಹುಚ್ಚಮ್ಮ, ನೆಮ್ಮದಿಯಿಂದ. "ಮುಗೀತು ಬಿಡಿ."

"ಮುಗಿದಿಲ್ಲ. ಬಾಣಂತೀನ ಒಬ್ಬಳನ್ನೇ ಕಳಿಸ್ತಾರಾ? ತಾಯಿ ಜೊತೆಗೆ ಹೋಗಿ ಬಿಟ್ಟು ಬರ್ಬೇಕು."

"ಅಮ್ಮಾವ್ರೆ."

"ಬಂದುಬಿಡ್ತೀನಿ."

ಹುಚ್ಚಮ್ಮ ಅವಳ ಸೆರಗನ್ನು ಹಿಡಿದಳು, ಆಮೇಲೆ ಯಾಕೋ ಬಿಟ್ಟಳು. ಶಂಕರಮ್ಮ ಗಂಧಸಾಲೆ ಅಕ್ಕಿಯನ್ನು ಮಡಿಲಿನಲ್ಲಿ ಕಟ್ಟಿಕೊಂಡು, ಮರಿಗಳ ಹಿಂದೆ, ಅವಸರವಿಲ್ಲದೆ ಗುಡ್ಡ ಹತ್ತಿದಳು. ಅವಳೇ ಸಸಿಯಾಗಿ ಬುಟ್ಟಿಯಲ್ಲಿ ಹೊತ್ತು ತಂದ ಧೂಪದ ಮರಗಳು ಅವಳ ಹಿಂದೆ ಕೂಡಿಕೊಂಡವು. ಕರಿನೀಲಿ ಹಕ್ಕಿ ಎಲ್ಲಿಯೋ ಒಂದು ಸಲ ಸಿಳ್ಳು ಹಾಕಿತು.

ದೀಪ ಹಚ್ಚುವ ಹೊತ್ತಿಗೆ ಮಂಜಯ್ಯ ಜಗುಲಿಯಲ್ಲಿ ಕಾಯುತ್ತ ನಿಂತಿದ್ದ. ಗೇಟು ತೆರೆದ ಸದ್ದಾಯಿತು. ಅಂಗಳದಲ್ಲಿ ಅವಳು ನಡೆದು ಬರುತ್ತಿದ್ದಳು. ಅದೇ ಸೀರೆ, ಅದೇ ಮುಖ, ಖಾಲಿಯಾದ ಮಡಿಲು. ಅವನಿಗೆ ಉಸಿರು ಬಂತು. ಆಮೇಲೆ ಅವನ ಗಮನ ನಾಯಿಗಳ ಕಡೆ ಹೋಯಿತು. ದಿನಾ ಅವಳ ಮೈಮೇಲೆ ಹಾರಿ ಗದ್ದಲ ಮಾಡುತ್ತಿದ್ದ ನಾಯಿಗಳು ಬೊಗಳಲಿಲ್ಲ. ಮೂತಿಯನ್ನು ನೆಲಕ್ಕೆ ಒತ್ತಿಕೊಂಡು, ಅವಳು ದಾಟಿ ಹೋಗುವವರೆಗೆ ಕಣ್ಣು ಮುಚ್ಚಿಕೊಂಡಿದ್ದವು.

ಅವಳು ಮೆಟ್ಟಿಲು ಹತ್ತಿ ಅವನ ಎದುರಿಗೆ ನಿಂತಳು. ಅನ್ನದ ಘಮ ಜಗುಲಿಯನ್ನೆಲ್ಲ ತುಂಬಿತು.

"ಬಿಟ್ಟು ಬಂದೆ," ಎಂದಳು.

ಮಂಜಯ್ಯ ದೀಪವನ್ನು ಅವಳ ಮುಖದ ಹತ್ತಿರ ಹಿಡಿದ. ಇಷ್ಟು ವರ್ಷ ಜೊತೆಗೆ ಬಾಳಿದ ಆ ಮುಖವನ್ನು ನೋಡುತ್ತ, ತುಂಬ ಮೆಲ್ಲಗೆ, ಮರ್ಯಾದೆಯಿಂದ ಕೇಳಿದ.

"ಯಾರನ್ನ?"